ಸ್ಪೇನಿನ ಬ್ಯಾಂಕಿನಲ್ಲಿ ಸ್ಪ್ಯಾನಿಷ್: ಖಾತೆ ತೆರೆಯುವುದರಿಂದ ಮುಚ್ಚುವವರೆಗೆ ಹಂತ ಹಂತದ ಮಾರ್ಗದರ್ಶಿ

ಸ್ಪೇನಿಗೆ ಓದಲೋ ಕೆಲಸಕ್ಕೋ ಹೋದವರು "ನಾನು ಖಾತೆ ತೆರೆಯಬೇಕು" ಎಂಬ ಒಂದು ವಾಕ್ಯವನ್ನು ಉರು ಹೊಡೆದುಕೊಂಡು ಬ್ಯಾಂಕಿಗೆ ಹೋಗುತ್ತಾರೆ. ಅದನ್ನು ಸರಿಯಾಗಿಯೇ ಹೇಳುತ್ತಾರೆ ಕೂಡ. ಆಚೆಯಿಂದ ಮರುಪ್ರಶ್ನೆ ಬಂದ ಕೂಡಲೇ ಮಾತು ನಿಂತುಹೋಗುತ್ತದೆ. "ರೆಸಿದೆಂತೆ ಒ ನೊ ರೆಸಿದೆಂತೆ?" (ಇಲ್ಲಿನ ನಿವಾಸಿಯೋ ಅಲ್ಲವೋ?) ಎಂದು ಕೇಳಿದರೆ "ಸಿ, ಸಿ" (ಹೌದು, ಹೌದು) ಎಂದು ತಲೆಯಾಡಿಸಿ, ಬೇಡದ ಬಗೆಯ ಖಾತೆಗೆ ಸಹಿ ಹಾಕಿ ಬರುವವರಿದ್ದಾರೆ. ಪದಪಟ್ಟಿ ಎಷ್ಟು ಉದ್ದವಿದ್ದರೂ ಈ ತೊಂದರೆ ತಪ್ಪುವುದಿಲ್ಲ.

ಆದ್ದರಿಂದ ಬ್ಯಾಂಕಿನಲ್ಲಿ ಮಾತು ಯಾವ ಕ್ರಮದಲ್ಲಿ ಸಾಗುತ್ತದೋ ಅದೇ ಕ್ರಮದಲ್ಲಿ, ನೀವು ಹೇಳಬೇಕಾದ್ದನ್ನೂ ನಿಮ್ಮ ಕಿವಿಗೆ ಬೀಳಲಿರುವುದನ್ನೂ ಇಲ್ಲಿ ಜೋಡಿಸಿದ್ದೇನೆ. ಕಿವಿಗೆ ಬೀಳುವುದನ್ನು ಮೊದಲು ಕಲಿಯಿರಿ. ನಿಮ್ಮ ವ್ಯಾಕರಣ ತಪ್ಪಿದರೂ ಅವರಿಗೆ ಅರ್ಥವಾಗುತ್ತದೆ. ಅವರ ಮಾತು ನಿಮಗೆ ತಪ್ಪಾಗಿ ಅರ್ಥವಾದರೆ ದುಡ್ಡು ಹೋಗುತ್ತದೆ. ಇಲ್ಲಿರುವುದು ಸ್ಪೇನ್ ದೇಶದ ಬಳಕೆ. ಮೆಕ್ಸಿಕೊ, ಅರ್ಜೆಂಟೀನಾಗಳಲ್ಲಿ ಕೆಲವು ಪದ ಬೇರೆ.

ಹೊರಡುವ ಮೊದಲು: ಕಾಗದಪತ್ರ ಮತ್ತು ಅವುಗಳ ಹೆಸರು

ಕಾಗದ ಕೈಯಲ್ಲಿದ್ದರೆ ಸಾಲದು, ಅದಕ್ಕೆ ಅಲ್ಲಿ ಏನೆನ್ನುತ್ತಾರೆ ಎಂದೂ ತಿಳಿದಿರಬೇಕು. ಪಾಸ್‌ಪೋರ್ಟ್ "ಪಾಸಾಪೋರ್ತೆ". ವಿದೇಶಿಯರಿಗೆ ಕೊಡುವ ಗುರುತಿನ ಸಂಖ್ಯೆ "ನಿಯೆ". ಇದು ಎಕ್ಸ್, ವೈ ಅಥವಾ ಝೆಡ್ ಅಕ್ಷರದಿಂದ ಶುರುವಾಗಿ, 7 ಅಂಕಿ ದಾಟಿ, ಮತ್ತೊಂದು ಅಕ್ಷರದಲ್ಲಿ ಮುಗಿಯುತ್ತದೆ. ಆ ಸಂಖ್ಯೆಯಿರುವ ಪ್ಲಾಸ್ಟಿಕ್ ಕಾರ್ಡು "ತಿಯೆ". ನಿಯೆ ಸಂಖ್ಯೆ, ತಿಯೆ ಕಾರ್ಡು. ಇವೆರಡನ್ನು ಒಂದೇ ಎಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ದೀರ್ಘಾವಧಿ ವೀಸಾದ ಮೇಲೆ ಸಾಮಾನ್ಯವಾಗಿ ನಿಯೆ ಅಚ್ಚಾಗಿರುತ್ತದೆ, ಆದ್ದರಿಂದ ಕಾರ್ಡು ಬರುವ ಮೊದಲೇ ಸಂಖ್ಯೆ ನಿಮ್ಮಲ್ಲಿರಬಹುದು. ವೀಸಾ ಪುಟವನ್ನು ಒಮ್ಮೆ ನೋಡಿಕೊಳ್ಳಿ.

ವಿಳಾಸಕ್ಕೆ "ಎಂಪಾದ್ರೊನಾಮಿಯೆಂತೊ", ಅಂದರೆ ಊರಿನ ಪುರಸಭೆಯಲ್ಲಿ ನಿವಾಸಿಯಾಗಿ ಹೆಸರು ಬರೆಸಿದ ದಾಖಲೆ. ಆದಾಯಕ್ಕೆ "ಕೊಂತ್ರಾತೊ ದೆ ತ್ರಾಬಾಹೊ" (ಕೆಲಸದ ಕರಾರು) ಅಥವಾ "ನೋಮಿನಾ" (ಸಂಬಳದ ಚೀಟಿ). ವಿದ್ಯಾರ್ಥಿಗಳಿಗೆ "ಮಾತ್ರೀಕುಲಾ" (ಪ್ರವೇಶ ಪಡೆದ ದಾಖಲೆ). ಇದರ ಜೊತೆಗೆ ಪ್ಯಾನ್ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. "ಬೇರೆ ದೇಶದಲ್ಲಿ ತೆರಿಗೆ ಕಟ್ಟುತ್ತೀರಾ, ಅಲ್ಲಿನ ತೆರಿಗೆ ಸಂಖ್ಯೆ ಏನು" ಎಂಬ ಪ್ರಶ್ನೆ ಅರ್ಜಿಯಲ್ಲಿ ಇರುತ್ತದೆ. ಭಾರತದ ಮಟ್ಟಿಗೆ ಅದು ಪ್ಯಾನ್. ಆಧಾರ್ ಸಂಖ್ಯೆ ಬರೆಯಬೇಡಿ.

ಹಂತ 1: ಉಚ್ಚಾರಣೆ, ಕನ್ನಡದವರಿಗೆ ಬೇಕಾದಷ್ಟು

ಇಲ್ಲಿ ಕನ್ನಡ ಬಲ್ಲವರಿಗೆ ಸ್ವಲ್ಪ ಅನುಕೂಲವಿದೆ. ಸ್ಪ್ಯಾನಿಷ್‌ನ ತ, ದ ನಮ್ಮ ತ, ದಗಳಂತೆಯೇ ಹಲ್ಲಿಗೆ ತಾಗುತ್ತವೆ. ಇಂಗ್ಲಿಷ್ ಗುಂಗಿನಲ್ಲಿ ಟ, ಡ ಎನ್ನಬೇಡಿ. ಮಹಾಪ್ರಾಣ ಇಲ್ಲವೇ ಇಲ್ಲ. ನಾವು ಶಾಲೆ ಬಿಟ್ಟ ಮೇಲೆ ಮರೆತ ಞ ಅಲ್ಲಿ ದಿನಬಳಕೆಯ ಅಕ್ಷರ: ಪಾಸ್‌ವರ್ಡ್‌ಗೆ "ಕೊಂತ್ರಾಸೇಞಾ". ಇಲ್ಲಿ ನಾನು ಹ ಎಂದು ಬರೆದದ್ದನ್ನು ಗಂಟಲಿನಿಂದ ಸ್ವಲ್ಪ ಒರಟಾಗಿ ಹೇಳಿ: "ತಾರ್ಹೇತಾ" (ಕಾರ್ಡು), "ಕಾಹಾ" (ನಗದು ಕೌಂಟರ್).

ಕಿವಿಗೆ ಮಾತ್ರ ಒಂದು ತೊಡಕಿದೆ. ಝೆಡ್ ಅಕ್ಷರವನ್ನೂ, ಇಂಗ್ಲಿಷಿನ ಇ, ಐ ಅಕ್ಷರಗಳ ಮುಂದೆ ಬರುವ ಸಿ ಅಕ್ಷರವನ್ನೂ ಸ್ಪೇನಿನ ಬಹುಭಾಗದಲ್ಲಿ ನಾಲಿಗೆಯನ್ನು ಹಲ್ಲುಗಳ ನಡುವೆ ಇಟ್ಟು ಹೇಳುತ್ತಾರೆ. "ಗ್ರಾಸಿಯಾಸ್" ಅಲ್ಲಿ "ಗ್ರಾಥಿಯಾಸ್" ಎಂಬಂತೆ ಕೇಳಿಸುತ್ತದೆ. ಇಲ್ಲಿ ಎಲ್ಲ ಕಡೆ ಸ ಎಂದೇ ಬರೆದಿದ್ದೇನೆ, ನೀವೂ ಸ ಎಂದೇ ಹೇಳಿ. ಲ್ಯಾಟಿನ್ ಅಮೆರಿಕದವರು, ಕನೇರಿ ದ್ವೀಪದವರು, ಆಂಡಲೂಸಿಯಾದ ಎಷ್ಟೋ ಜನ ಹಾಗೆಯೇ ಮಾತಾಡುವುದರಿಂದ ಯಾರಿಗೂ ಕಷ್ಟವಾಗುವುದಿಲ್ಲ. ನಮ್ಮ ಥ ಬಳಸಿದರೆ ಅವರಿಗೆ ಬರೀ ತ ಕೇಳಿಸಿ ಪದವೇ ಬದಲಾಗುತ್ತದೆ.

ಅಪರಿಚಿತರಿಗೆ "ಉಸ್ತೆದ್" ಎನ್ನಬೇಕು, ನಮ್ಮ ನೀವು, ತಾವು ಇದ್ದಹಾಗೆ. ಕ್ಲರ್ಕ್ ಕಿರಿಯರಾಗಿದ್ದರೆ ನಿಮಗೆ "ತೂ" ಎಂದು ಏಕವಚನ ಹಚ್ಚಬಹುದು, ಅದು ಅಗೌರವವಲ್ಲ.

ಹಂತ 2: ಹೆಸರು, ಅಕ್ಷರ, ಅಂಕಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ, ಅದಕ್ಕೇ ಈ ಹಂತ ಉಳಿದವುಗಳಿಗಿಂತ ಉದ್ದ. ಖಾತೆಯಲ್ಲಿ ಹೆಸರು ತಪ್ಪಾದರೆ ಊರಿನಿಂದ ಬಂದ ಹಣ ತಡೆದು ನಿಲ್ಲಬಹುದು, ಸಂಬಳ ಜಮಾ ಆಗದಿರಬಹುದು. ಯೂರೊ ವಲಯದ ಬ್ಯಾಂಕುಗಳು 2025ರ ಅಕ್ಟೋಬರ್‌ನಿಂದ, ಹಣ ಕಳಿಸುವವರು ಬರೆದ ಹೆಸರು ಖಾತೆದಾರರ ಹೆಸರಿಗೆ ಹೊಂದುತ್ತದೆಯೇ ಎಂದು ಹೋಲಿಸಿ ನೋಡುತ್ತವೆ. ಹೆಸರಿನ ತಪ್ಪು ಈಗ ಬೇಗ ಬಯಲಾಗುತ್ತದೆ.

ಸ್ಪ್ಯಾನಿಷ್ ಅರ್ಜಿಯಲ್ಲಿ ಹೆಸರಿಗೆ ಮೂರು ಜಾಗ: "ನೊಂಬ್ರೆ" (ಹೆಸರು), "ಪ್ರಿಮೇರ್ ಅಪೆಯೀದೊ" (ಮೊದಲ ಕುಲನಾಮ), "ಸೆಗುಂದೊ ಅಪೆಯೀದೊ" (ಎರಡನೆಯ ಕುಲನಾಮ). ಅಲ್ಲಿನವರಿಗೆ ಎರಡು ಕುಲನಾಮಗಳಿರುತ್ತವೆ. ನಮ್ಮಲ್ಲಿ ಒಬ್ಬರಿಗೆ ಊರಿನ ಹೆಸರು, ಇನ್ನೊಬ್ಬರಿಗೆ ಅಪ್ಪನ ಹೆಸರು, ಮತ್ತೊಬ್ಬರಿಗೆ ಬರೀ ಇನಿಷಿಯಲ್; ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವವರೂ ಬೇಕಾದಷ್ಟು ಜನ. ಕ್ಲರ್ಕಿಗೆ ಇದು ಒಗಟು. ಅವರು ತಮಗೆ ತೋಚಿದಂತೆ ತುಂಬಿಸುವ ಮೊದಲೇ ಹೀಗೆ ಹೇಳಿ:

"ನೊ ತೆಂಗೊ ಸೆಗುಂದೊ ಅಪೆಯೀದೊ." — ನನಗೆ ಎರಡನೆಯ ಕುಲನಾಮ ಇಲ್ಲ.
"ಪೊಂಗಾಲೊ ಕೊಮೊ ಎನ್ ಎಲ್ ಪಾಸಾಪೋರ್ತೆ, ಪೋರ್ ಫಾಬೋರ್." — ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹಾಕಿ.

ನಿಯೆ ದಾಖಲೆಯಲ್ಲಿ ಹೆಸರು ಯಾವ ಕ್ರಮದಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ. ಪಾಸ್‌ಪೋರ್ಟಿಗೂ ಅದಕ್ಕೂ ವ್ಯತ್ಯಾಸವಿದ್ದರೆ ಅಲ್ಲೇ ತೋರಿಸಿ. ಕಾಯುವಾಗ ನಿಮ್ಮನ್ನು ಕುಲನಾಮದಿಂದ ಕರೆಯುತ್ತಾರೆ ಎಂಬುದೂ ನೆನಪಿರಲಿ. ಅಪ್ಪನ ಹೆಸರು ಕೂಗಿದಾಗ ಏಳಬೇಕಾದವರು ನೀವೇ.

ಮುಂದಿನ ಪ್ರಶ್ನೆ: "ಕೊಮೊ ಸೆ ಎಸ್ಕ್ರೀಬೆ?" ಅಂದರೆ ಹೇಗೆ ಬರೆಯುತ್ತೀರಿ, ಅಕ್ಷರ ಬಿಡಿಸಿ ಹೇಳಿ. ಇಲ್ಲಿ ಇಂಗ್ಲಿಷ್ ಅಕ್ಷರಗಳ ಹೆಸರು ಹೇಳಿದರೆ ಕೆಟ್ಟಿತು. ನೀವು ಇಂಗ್ಲಿಷಿನಂತೆ "ಎ" ಎಂದರೆ ಅವರು ಇ ಅಕ್ಷರ ಬರೆಯುತ್ತಾರೆ. "ಈ" ಎಂದರೆ ಐ ಅಕ್ಷರ ಬರೆಯುತ್ತಾರೆ. ಸ್ಪ್ಯಾನಿಷ್‌ನಲ್ಲಿ ಐದು ಸ್ವರಗಳ ಹೆಸರು ಕ್ರಮವಾಗಿ ಆ, ಎ, ಇ, ಒ, ಉ. ಇವನ್ನು ಬಾಯಿಪಾಠ ಮಾಡದೆ ಹೋಗಬೇಡಿ.

ವ್ಯಂಜನಗಳಲ್ಲಿ ನಮ್ಮ ಹೆಸರುಗಳಿಗೆ ಬೇಕಾಗುವವು: ಎಚ್‌ಗೆ "ಆಚೆ", ಜೆಗೆ "ಹೋತಾ", ಜಿಗೆ "ಹೇ", ವಿಗೆ "ಊಬೆ", ಬಿಗೆ "ಬೆ", ಕೆಗೆ "ಕಾ", ವೈಗೆ "ಇ ಗ್ರಿಯೇಗಾ", ಎಕ್ಸ್‌ಗೆ "ಎಕಿಸ್", ಝೆಡ್‌ಗೆ "ಸೇತಾ". ಮಂಜುನಾಥ ಎಂಬವರು "ಎಮೆ, ಆ, ಎನೆ, ಹೋತಾ, ಉ, ಎನೆ, ಆ, ತೆ, ಆಚೆ" ಎನ್ನಬೇಕು. ಅವರು ಓದುವಾಗ "ಮಾನ್‌ಹುನಾತ್" ಎಂದರೆ ತಿದ್ದಲು ಹೋಗಬೇಡಿ, ಬರೆದದ್ದು ಸರಿಯಿದೆ ಎಂದೇ ಅದರ ಅರ್ಥ. ಈಮೇಲ್ ಹೇಳುವಾಗ ಅಟ್ ಚಿಹ್ನೆಗೆ "ಅರ್ರೋಬಾ", ಚುಕ್ಕೆಗೆ "ಪುಂತೊ", ಕೆಳಗೆರೆಗೆ "ಗಿಯೋನ್ ಬಾಹೊ".

ಅಂಕಿಗಳಲ್ಲಿ ದುಬಾರಿ ತಪ್ಪು ಎಂದರೆ 60 ಮತ್ತು 70. "ಸೆಸೆಂತಾ" ಅರವತ್ತು, "ಸೆತೆಂತಾ" ಎಪ್ಪತ್ತು. ಕೌಂಟರಿನ ಗಾಜಿನಾಚೆಯಿಂದ ಎರಡೂ ಒಂದೇ ಎಂದು ಕೇಳಿಸುತ್ತವೆ. ಅನುಮಾನ ಬಂದರೆ "ಸೇಯಿಸ್ ಒ ಸಿಯೇತೆ?" (ಆರೋ ಏಳೋ?) ಎಂದು ಕೇಳಿ. ನೂರಕ್ಕೆ "ಸಿಯೆನ್", ಐನೂರಕ್ಕೆ "ಕಿನಿಯೆಂತೊಸ್", ಸಾವಿರಕ್ಕೆ "ಮಿಲ್". ಲಕ್ಷಕ್ಕೆ ಬೇರೆ ಪದವಿಲ್ಲ, "ಸಿಯೆನ್ ಮಿಲ್" (ನೂರು ಸಾವಿರ) ಎನ್ನುತ್ತಾರೆ.

ಬರಹದಲ್ಲಿ ಚುಕ್ಕೆ ಮತ್ತು ಅಲ್ಪವಿರಾಮ ನಮ್ಮದಕ್ಕೆ ತಿರುವುಮುರುವು. 1.250,50 ಎಂದರೆ ಒಂದು ಸಾವಿರದ ಇನ್ನೂರೈವತ್ತು ಯೂರೊ ಐವತ್ತು ಸೆಂಟ್. 1.500 ಎಂದು ಕಂಡರೆ ಒಂದೂವರೆ ಎಂದು ಓದಬೇಡಿ, ಅದು ಸಾವಿರದ ಐನೂರು. ಮೊಬೈಲ್ ಸಂಖ್ಯೆಯನ್ನು ಅವರು ಅನೇಕ ಸಲ ಎರಡೆರಡಂಕಿ ಕೂಡಿಸಿ ಹೇಳುತ್ತಾರೆ. ನೀವು ಒಂದೊಂದೇ ಅಂಕಿ ಹೇಳಿದರೂ ನಡೆಯುತ್ತದೆ, ಅವಸರ ಮಾಡಬೇಡಿ ಅಷ್ಟೆ.

ಹಂತ 3: ಸಮಯ ಗೊತ್ತುಮಾಡುವುದು, ಸರತಿ ಹಿಡಿಯುವುದು

ಬಹುತೇಕ ಶಾಖೆಗಳು ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 8.30ರ ಸುಮಾರಿಗೆ ತೆರೆದು ಮಧ್ಯಾಹ್ನ 2ರ ಹೊತ್ತಿಗೆ ಮುಚ್ಚುತ್ತವೆ. ನಗದು ಕೌಂಟರು ಇನ್ನೂ ಮೊದಲೇ, ಕೆಲವು ಕಡೆ 11 ಗಂಟೆಗೇ ನಿಲ್ಲುತ್ತದೆ. ಬಾಗಿಲ ಮೇಲೆ "ಒರಾರಿಯೊ ದೆ ಕಾಹಾ" ಎಂದು ಬರೆದಿದ್ದರೆ ಅದು ನಗದು ಕೆಲಸದ ವೇಳೆ. ಶಾಖೆಯ ವೇಳೆ ಬೇರೆ. ಒಂದು ಸಮಾಧಾನ: ಮಧ್ಯಾಹ್ನದ ಊಟದವರೆಗೆ ಅಲ್ಲಿ "ಬ್ವೇನೊಸ್ ದೀಯಾಸ್" ಎನ್ನುತ್ತಾರೆ, ಅಲ್ಲಿ ಊಟ ಎಂದರೆ ಎರಡು ಗಂಟೆಯ ಮೇಲೆ. ಬ್ಯಾಂಕಿಗೆ ಈ ಒಂದೇ ನಮಸ್ಕಾರ ಸಾಕು. ಅದನ್ನು ಹೇಳದೆ ನೇರ ಕೆಲಸಕ್ಕಿಳಿದರೆ ಒರಟುತನ ಎನಿಸುತ್ತದೆ.

ಖಾತೆ ತೆರೆಯಲು ಸಾಮಾನ್ಯವಾಗಿ ಮೊದಲೇ ಸಮಯ ಪಡೆಯಬೇಕು. ಇದಕ್ಕೆ "ಸಿತಾ ಪ್ರೆಬಿಯಾ" ಎನ್ನುತ್ತಾರೆ.

"ಕೆರೀಆ ಪೆದೀರ್ ಸಿತಾ ಪಾರಾ ಅಬ್ರೀರ್ ಉನಾ ಕ್ವೆಂತಾ." — ಖಾತೆ ತೆರೆಯಲು ಸಮಯ ಬೇಕಿತ್ತು.
"ತೆಂಗೊ ಸಿತಾ ಆ ಲಾಸ್ ದಿಯೆಸ್ ಇ ಮೇದಿಯಾ." — ಹತ್ತೂವರೆಗೆ ನನಗೆ ಸಮಯ ಕೊಟ್ಟಿದ್ದಾರೆ.

"ಕೆರೀಆ" ಎಂಬುದು "ಬೇಕಿತ್ತು" ಇದ್ದಹಾಗೆ, "ಕಿಯೆರೊ" ಎಂಬುದು "ಬೇಕು". ಬ್ಯಾಂಕಿನಲ್ಲಿ ಮೊದಲನೆಯದನ್ನೇ ಬಳಸಿ. ದೃಢವಾಗಿ ನಿರಾಕರಿಸುವಾಗ ಅಥವಾ ತುರ್ತಿದ್ದಾಗ ಮಾತ್ರ ಎರಡನೆಯದು.

ಚಿಕ್ಕ ಶಾಖೆಗಳಲ್ಲಿ ಸಾಲು ಕಣ್ಣಿಗೆ ಕಾಣುವುದಿಲ್ಲ. ಜನ ಅಲ್ಲಲ್ಲಿ ಕುಳಿತಿರುತ್ತಾರೆ, ಆದರೆ ಯಾರ ಹಿಂದೆ ಯಾರು ಎಂಬುದು ಎಲ್ಲರಿಗೂ ಗೊತ್ತು. ಒಳಗೆ ಬಂದ ಕೂಡಲೇ "ಕಿಯೆನ್ ಎಸ್ ಎಲ್ ಉಲ್ತಿಮೊ?" (ಕೊನೆಯವರು ಯಾರು?) ಎಂದು ಗಟ್ಟಿಯಾಗಿ ಕೇಳಿ. "ಯೊ" (ನಾನು) ಎಂದವರ ಹಿಂದೆ ನೀವು. ಕೇಳದೆ ಕುಳಿತರೆ ನಿಮ್ಮ ಸರತಿ ಲೆಕ್ಕಕ್ಕೇ ಬರುವುದಿಲ್ಲ. ಚೀಟಿ ಯಂತ್ರ ಇದ್ದರೆ "ಕೋಹಾ ನೂಮೆರೊ" (ಸಂಖ್ಯೆ ತಗೊಳ್ಳಿ) ಎನ್ನುತ್ತಾರೆ. ಮೆಕ್ಸಿಕೊದ ಸ್ಪ್ಯಾನಿಷ್ ಕಲಿತವರು ಈ ಕ್ರಿಯಾಪದ ಕೇಳಿ ಬೆಚ್ಚಬಹುದು, ಅಲ್ಲಿ ಅದು ಅಶ್ಲೀಲ. ಸ್ಪೇನಿನಲ್ಲಿ ತೀರ ಸಾಧಾರಣ ಮಾತು.

ಹಂತ 4: ಮೇಜಿನ ಮುಂದೆ, ಮೊದಲ ಐದು ನಿಮಿಷ

ನೀವು: "ಬ್ವೇನೊಸ್ ದೀಯಾಸ್. ಕೆರೀಆ ಅಬ್ರೀರ್ ಉನಾ ಕ್ವೆಂತಾ ಕೊರ್ರಿಯೆಂತೆ." ಇದರಲ್ಲಿ ಕೊನೆಯ ಎರಡು ಪದ ದಿನಬಳಕೆಯ ಖಾತೆಗೆ ಅಲ್ಲಿನ ಹೆಸರು, ಉದ್ಯಮಿಗಳ ಕರೆಂಟ್ ಅಕೌಂಟ್ ಎಂದುಕೊಳ್ಳಬೇಡಿ. ಉಳಿತಾಯಕ್ಕೆಂದೇ ಇರುವುದು "ಕ್ವೆಂತಾ ದೆ ಆಓರ್ರೊ".

ಬಳಿಕ ಪ್ರಶ್ನೆಗಳು ಬಹುತೇಕ ಈ ಕ್ರಮದಲ್ಲಿ ಬರುತ್ತವೆ.

"ಸು ದೆ-ಎನೆ-ಇ?" ಸ್ಪೇನ್ ಪ್ರಜೆಗಳ ಗುರುತಿನ ಚೀಟಿ ಕೇಳುತ್ತಿದ್ದಾರೆ, ಅವರಿಗೆ ಅದು ರೂಢಿಯ ಮಾತು. "ನೊ ತೆಂಗೊ, ತೆಂಗೊ ನಿಯೆ" (ಅದು ಇಲ್ಲ, ನಿಯೆ ಇದೆ) ಎನ್ನಿ. ಕಾರ್ಡು ಇನ್ನೂ ಬಂದಿಲ್ಲವಾದರೆ "ಲಾ ತಿಯೆ ಎಸ್ತಾ ಎನ್ ತ್ರಾಮಿತೆ" (ಅರ್ಜಿ ಹಾಕಿದ್ದೇನೆ, ಇನ್ನೂ ಬರಬೇಕು) ಎಂದು ಹೇಳಿ ಅರ್ಜಿಯ ರಸೀತಿ ತೋರಿಸಿ. "ಇಲ್ಲ" ಎಂದು ಬರೀ ತಲೆಯಾಡಿಸಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. "ಎನ್ ತ್ರಾಮಿತೆ" ಎಂದರೆ ಮುಂದುವರಿಯುವ ಸಾಧ್ಯತೆ ಇದೆ.

"ಎಸ್ ಉಸ್ತೆದ್ ರೆಸಿದೆಂತೆ?" ನಿವಾಸಿಯೇ ಎಂಬ ಪ್ರಶ್ನೆ. ಇಲ್ಲಿ "ಸಿ" ಅಥವಾ "ನೊ" ಹೇಳುವ ಮೊದಲು ಉಸಿರೆಳೆದುಕೊಳ್ಳಿ. ನಿವಾಸಿಯಲ್ಲದವರ ಖಾತೆಗೆ ನಿಯಮ ಬೇರೆ, ಶುಲ್ಕ ಹೆಚ್ಚಿರಬಹುದು, ಜೊತೆಗೆ ಪೊಲೀಸ್ ಇಲಾಖೆ ಕೊಡುವ "ಸೆರ್ತಿಫಿಕಾದೊ ದೆ ನೊ ರೆಸಿದೆಂತೆ" ಕೇಳುತ್ತಾರೆ. ನಿವಾಸಿಯಾದ ಮೇಲೆ ಖಾತೆಯನ್ನು ಬದಲಾಯಿಸಲು ನೀವೇ ಹೋಗಿ ಹೇಳಬೇಕು.

"ಆ ಕೆ ಸೆ ದೆದೀಕಾ?" ಏನು ಕೆಲಸ ಮಾಡುತ್ತೀರಿ ಎಂದರ್ಥ. ಉತ್ತರ: "ಸೊಯ್ ಎಸ್ತುದಿಯಾಂತೆ" (ವಿದ್ಯಾರ್ಥಿ), ಅಥವಾ "ತ್ರಾಬಾಹೊ ಎನ್..." ಎಂದು ಕಂಪನಿಯ ಹೆಸರು.

"ದೆ ದೋಂದೆ ಪ್ರೊಸೇದೆನ್ ಲೊಸ್ ಫೋಂದೊಸ್?" ಹಣ ಎಲ್ಲಿಂದ ಬರುತ್ತದೆ? ಇದು ಅನುಮಾನದ ಪ್ರಶ್ನೆಯಲ್ಲ, ಅಕ್ರಮ ಹಣವನ್ನು ತಡೆಯುವ ಕಾನೂನಿನಂತೆ ಎಲ್ಲರನ್ನೂ ಕೇಳಲೇಬೇಕು. ಒಂದು ಉತ್ತರ ಸಿದ್ಧವಿರಲಿ: "ದೆ ಮಿ ನೋಮಿನಾ" (ಸಂಬಳ), "ದೆ ಉನಾ ಬೇಕಾ" (ವಿದ್ಯಾರ್ಥಿವೇತನ), "ಮೆ ಲೊಸ್ ಎಂಬೀಯಾ ಮಿ ಫಮೀಲಿಯಾ ದೆಸ್ದೆ ಲಾ ಇಂದಿಯಾ" (ಮನೆಯವರು ಭಾರತದಿಂದ ಕಳಿಸುತ್ತಾರೆ). ಇಲ್ಲಿ ತಡವರಿಸಿದರೆ ಇನ್ನಷ್ಟು ಕಾಗದ ಕೇಳುತ್ತಾರೆ.

ಅರ್ಥವಾಗದಿದ್ದರೆ "ಸಿ" ಎನ್ನುವುದೊಂದನ್ನು ಬಿಟ್ಟು ಏನು ಬೇಕಾದರೂ ಮಾಡಿ. ಈ ಎರಡು ವಾಕ್ಯ ಸಾಕು: "ನೊ ಲೆ ಎ ಎಂತೆಂದೀದೊ" (ನೀವು ಹೇಳಿದ್ದು ತಿಳಿಯಲಿಲ್ಲ), "ಮೆ ಲೊ ಪ್ವೇದೆ ಎಸ್ಕ್ರಿಬೀರ್?" (ಬರೆದು ಕೊಡುತ್ತೀರಾ?). ಬರೆದದ್ದನ್ನು ಮೊಬೈಲಿನಲ್ಲಿ ಅನುವಾದಿಸಿ ನೋಡಬಹುದು.

ಅಪಾಯದ ಸೂಚನೆ: "ಲೆ ಫಾಲ್ತಾ..." ಎಂದು ಶುರುವಾದರೆ ಏನೋ ಕೊರತೆಯಿದೆ. "ನೊ ಸೆ ಪ್ವೇದೆ" ಎಂದರೆ ಆಗುವುದಿಲ್ಲ. ಹೀಗೆಂದಾಗ ಸುಮ್ಮನೆ ಎದ್ದು ಬಂದರೆ ಮುಂದಿನ ಸಲವೂ ಅದೇ ಕತೆ. "ಕೆ ಮೆ ಫಾಲ್ತಾ ಎಕ್ಸಾಕ್ತಾಮೆಂತೆ?" (ನಿಖರವಾಗಿ ಏನು ಕಡಿಮೆ ಇದೆ?) ಎಂದು ಕೇಳಿ, ಚೀಟಿಯಲ್ಲಿ ಬರೆಸಿಕೊಂಡೇ ಹೊರಡಿ.

ಹಂತ 5: ಶುಲ್ಕದ ಮಾತು, ಸಹಿಗೆ ಮೊದಲು

"ಗ್ರಾತಿಸ್" (ಉಚಿತ) ಎಂಬ ಪದ ಕೇಳಿದ ಕೂಡಲೇ ಪ್ರಶ್ನೆ ನಿಲ್ಲಿಸಬೇಡಿ. ಅದರ ಬೆನ್ನಿಗೇ "ಸಿಯೆಂಪ್ರೆ ಕೆ..." ಎಂದು ಬರುತ್ತದೆ, ಅಂದರೆ "ಇಂತಿಂಥದ್ದು ಮಾಡಿದರೆ ಮಾತ್ರ". ಸಂಬಳ ಅಲ್ಲಿಗೇ ಬರಬೇಕು, ಇಷ್ಟು ಬಿಲ್ಲು ಕಟ್ಟಬೇಕು, ಕಾರ್ಡನ್ನು ಇಷ್ಟು ಸಲ ಉಜ್ಜಬೇಕು ಎಂಬ ಷರತ್ತುಗಳಿಗೆ "ಕೊಂದಿಸಿಯೋನೆಸ್" ಎನ್ನುತ್ತಾರೆ. ವಿದ್ಯಾರ್ಥಿಗೆ ಸಂಬಳವೇ ಇಲ್ಲ, ಆ ಉಚಿತ ಅವರಿಗೆ ಉಚಿತವಾಗಿ ಉಳಿಯುವುದಿಲ್ಲ.

"ತಿಯೆನೆ ಕೊಮಿಸಿಯೋನ್ ದೆ ಮಾಂತೆನಿಮಿಯೆಂತೊ?" — ಖಾತೆ ನಿರ್ವಹಣಾ ಶುಲ್ಕ ಇದೆಯೇ?
"ಕ್ವಾಂತೊ ಎಸ್ ಅಲ್ ಆಞೊ?" — ವರ್ಷಕ್ಕೆ ಎಷ್ಟು?
"ಕೆ ಕೊಂದಿಸಿಯೋನೆಸ್ ಆಯ್ ಕೆ ಕುಂಪ್ಲೀರ್ ಪಾರಾ ನೊ ಪಗಾರ್?" — ಕಟ್ಟದಿರಬೇಕಾದರೆ ಯಾವ ಷರತ್ತು ಪೂರೈಸಬೇಕು?

ಮೊತ್ತ ಹೇಳಿದಾಗ "ಅಲ್ ಮೆಸ್" (ತಿಂಗಳಿಗೆ), "ತ್ರಿಮೆಸ್ತ್ರಾಲ್" (ಮೂರು ತಿಂಗಳಿಗೊಮ್ಮೆ), "ಅಲ್ ಆಞೊ" (ವರ್ಷಕ್ಕೆ) ಇವುಗಳಲ್ಲಿ ಯಾವುದು ಎಂದು ಕಿವಿಗೊಡಿ. ತಪ್ಪು ಕೇಳಿಸಿಕೊಂಡು ವರ್ಷಕ್ಕೆ ನಾಲ್ಕರಷ್ಟು ಕಟ್ಟುವವರು ಇರುವುದು ಇಲ್ಲೇ.

ಖಾತೆಯ ಜೊತೆ ವಿಮೆಯನ್ನೋ ಕ್ರೆಡಿಟ್ ಕಾರ್ಡನ್ನೋ ಸೇರಿಸಲು ನೋಡಿದರೆ, ಇಲ್ಲಿ "ಕಿಯೆರೊ" ಬಳಸಿ: "ಸೊಲೊ ಕಿಯೆರೊ ಲಾ ಕ್ವೆಂತಾ, ಸಿನ್ ಸೆಗೂರೊ ನಿ ತಾರ್ಹೇತಾ ದೆ ಕ್ರೇದಿತೊ." ಖಾತೆಯಷ್ಟೇ ಬೇಕು, ವಿಮೆಯೂ ಬೇಡ ಕ್ರೆಡಿಟ್ ಕಾರ್ಡೂ ಬೇಡ. "ಸೆಗೂರೊ" ಎಂದರೆ ವಿಮೆಯೂ ಹೌದು, "ಸುರಕ್ಷಿತ" ಎಂಬುದೂ ಹೌದು. "ಖಾತೆ ಸುರಕ್ಷಿತ" ಎನ್ನುತ್ತಿದ್ದಾರೆ ಎಂದುಕೊಂಡು ತಲೆಯಾಡಿಸಿದರೆ ಪಾಲಿಸಿಗೆ ಒಪ್ಪಿದಂತಾದೀತು.

ಯಾವ ಬ್ಯಾಂಕೂ ಒಪ್ಪದಿದ್ದರೆ ಕೈಯಲ್ಲಿರುವ ಅಸ್ತ್ರ "ಕ್ವೆಂತಾ ದೆ ಪಾಗೊ ಬಾಸಿಕಾ", ಮೂಲಭೂತ ಪಾವತಿ ಖಾತೆ. ಐರೋಪ್ಯ ಒಕ್ಕೂಟದಲ್ಲಿ ಕಾನೂನುಬದ್ಧವಾಗಿ ನೆಲೆಸಿದ ಯಾರಿಗಾದರೂ ಇದರ ಹಕ್ಕಿದೆ. ಸ್ಪೇನಿನಲ್ಲಿ 2017ರ ಕಾನೂನು ಇದನ್ನು ತಂದಿತು, ಶುಲ್ಕಕ್ಕೆ ತಿಂಗಳಿಗೆ 3 ಯೂರೊ ಮಿತಿ, ಬ್ಯಾಂಕು 10 ಕೆಲಸದ ದಿನಗಳೊಳಗೆ ಖಾತೆ ತೆರೆಯಬೇಕು ಇಲ್ಲವೇ ಕಾರಣ ಕೊಟ್ಟು ನಿರಾಕರಿಸಬೇಕು. ಶಾಖೆಯವರು ತಾವಾಗಿ ಇದರ ಮಾತೆತ್ತುವುದು ಅಪರೂಪ. ಹೆಸರು ಹಿಡಿದು ಕೇಳಿ: "ಕೆರೀಆ ಉನಾ ಕ್ವೆಂತಾ ದೆ ಪಾಗೊ ಬಾಸಿಕಾ." ನಿರಾಕರಿಸಿದರೆ "ಮೆ ಲೊ ದಾ ಪೋರ್ ಎಸ್ಕ್ರೀತೊ?" (ಬರಹದಲ್ಲಿ ಕೊಡುತ್ತೀರಾ?) ಎನ್ನಿ. ಈ ಪ್ರಶ್ನೆ ಬಂದಾಗ ಎಷ್ಟೋ ಸಲ ಉತ್ತರ ಮೆತ್ತಗಾಗುತ್ತದೆ.

ಹಂತ 6: ಸಹಿ

"ಫೀರ್ಮೆ ಅಕೀ" ಎಂದರೆ ಇಲ್ಲಿ ಸಹಿ ಮಾಡಿ. ಈಗ ಹಲವು ಕಡೆ ಟ್ಯಾಬ್ಲೆಟ್ ಮೇಲೆ ಬೆರಳಿನಲ್ಲೋ ಕಡ್ಡಿಯಲ್ಲೋ ಗೀಚಿಸುತ್ತಾರೆ, ದಾಖಲೆ ಕಣ್ಣಿಗೇ ಬೀಳುವುದಿಲ್ಲ. "ಪ್ರಿಮೇರೊ ಕೆರೀಆ ಲೆಏರ್ಲೊ" (ಮೊದಲು ಓದಬೇಕಿತ್ತು) ಎಂದು ನಿಲ್ಲಿಸಿ. ಪಾಸ್‌ಪೋರ್ಟಿನಲ್ಲಿ ಕನ್ನಡದಲ್ಲಿ ಸಹಿ ಇದ್ದರೆ ಇಲ್ಲೂ ಅದನ್ನೇ ಹಾಕಿ, ಇಂಗ್ಲಿಷಿಗೆ ಬದಲಾಯಿಸಬೇಡಿ. ಮುಂದೆ ಹೋಲಿಸಿ ನೋಡುವುದು ಆ ಸಹಿಯನ್ನೇ.

ಹೊರಡುವ ಮೊದಲು ಎರಡು ಕಾಗದ ಕೇಳಿ ಪಡೆಯಿರಿ: ಕರಾರಿನ ಪ್ರತಿ, ಅಂದರೆ "ಉನಾ ಕೋಪಿಯಾ ದೆಲ್ ಕೊಂತ್ರಾತೊ", ಮತ್ತು "ಸೆರ್ತಿಫಿಕಾದೊ ದೆ ತಿತುಲಾರಿದಾದ್". ಎರಡನೆಯದು ಈ ಖಾತೆ ನಿಮ್ಮದೇ ಎಂಬ ದೃಢೀಕರಣ ಪತ್ರ. ಕೆಲಸ ಕೊಟ್ಟವರು, ವಿಶ್ವವಿದ್ಯಾಲಯದವರು ಕೇಳುವುದು ಇದನ್ನೇ. ಅದರಲ್ಲಿ "ಇಬಾನ್" ಇರುತ್ತದೆ: ಸ್ಪೇನಿನ ಎರಡು ಅಕ್ಷರಗಳಿಂದ ಶುರುವಾಗುವ 24 ಅಕ್ಷರಾಂಕಿಗಳ ಖಾತೆ ಸಂಖ್ಯೆ. ಭಾರತದಿಂದ ಹಣ ತರಿಸಲು ಇದರ ಜೊತೆ ಬ್ಯಾಂಕನ್ನು ಗುರುತಿಸುವ ಸ್ವಿಫ್ಟ್ ಕೋಡ್ ಕೂಡ ಬೇಕು, ಅದನ್ನೂ ಬರೆಸಿಕೊಳ್ಳಿ.

ಹಂತ 7: ನಗದು ಕೌಂಟರ್

"ಕೆರೀಆ ಇಂಗ್ರೆಸಾರ್ ತ್ರೆಸಿಯೆಂತೊಸ್ ಎಉರೊಸ್ ಎನ್ ಮಿ ಕ್ವೆಂತಾ." — ಮುನ್ನೂರು ಯೂರೊ ಜಮಾ ಮಾಡಬೇಕಿತ್ತು.
"ಕೆರೀಆ ಸಾಕಾರ್ ದೊಸಿಯೆಂತೊಸ್ ಎಉರೊಸ್, ಎನ್ ಬಿಯೇತೆಸ್ ದೆ ಬೇಯಿಂತೆ." — ಇನ್ನೂರು ಯೂರೊ ತೆಗೆಯಬೇಕಿತ್ತು, ಇಪ್ಪತ್ತರ ನೋಟುಗಳಲ್ಲಿ.

ರಸೀತಿಗೆ "ರೆಸೀಬೊ" ಎಂದು ಕೇಳಿದರೆ ಗೊಂದಲ. ಸ್ಪೇನಿನ ಬ್ಯಾಂಕಿನಲ್ಲಿ ಅದು ಹೆಚ್ಚಾಗಿ ಕರೆಂಟು, ನೀರಿನ ಬಿಲ್ಲು. ಜಮಾ ಮಾಡಿದ್ದಕ್ಕೆ ಸಾಕ್ಷಿ ಬೇಕಾದರೆ "ಹುಸ್ತಿಫಿಕಾಂತೆ" ಎನ್ನಿ. ಖಾತೆಯಲ್ಲಿ ಎಷ್ಟಿದೆ ಎಂಬುದಕ್ಕೆ "ಸಾಲ್ದೊ". ನಮ್ಮ "ಸಾಲದು" ಎಂದು ಕೇಳಿಸುತ್ತದೆ. ತಿಂಗಳ ಕೊನೆಗೆ ಅರ್ಥವೂ ಅದೇ ಆಗುವುದುಂಟು.

ಹಂತ 8: ಎಟಿಎಂ ಪರದೆ

"ಕಾಹೇರೊ" ಎಂದರೆ ನಗದು ಕ್ಲರ್ಕೂ ಹೌದು, ಎಟಿಎಂ ಯಂತ್ರವೂ ಹೌದು. "ಅಲ್ ಕಾಹೇರೊ" ಎಂದು ಹೊರಗೆ ಕೈ ತೋರಿಸಿದರೆ ಯಂತ್ರಕ್ಕೆ ಹೋಗಿ ಎಂದರ್ಥ. ಬಾರ್ಸಿಲೋನಾ, ಬಿಲ್ಬಾವ್, ಗಲೀಸಿಯಾಗಳಲ್ಲಿ ಪರದೆ ಸ್ಥಳೀಯ ಭಾಷೆಯಲ್ಲಿ ತೆರೆಯಬಹುದು. "ಕಾಸ್ತೆಯಾನೊ" ಆರಿಸಿದರೆ ಸ್ಪ್ಯಾನಿಷ್. ಹಣ ತೆಗೆಯಲು "ಸಾಕಾರ್ ದಿನೇರೊ" ಅಥವಾ "ರೆಇಂತೇಗ್ರೊ", ಬೇರೆ ಮೊತ್ತಕ್ಕೆ "ಓತ್ರೊ ಇಂಪೋರ್ತೆ", ತಿದ್ದಲು "ಬೊರ್ರಾರ್", ಒಪ್ಪಲು "ಅಸೆಪ್ತಾರ್".

ಭಾರತದ ಕಾರ್ಡು ಹಾಕಿದಾಗ ಒಂದು ಪರದೆ ರೂಪಾಯಿ ಲೆಕ್ಕ ತೋರಿಸಿ "ಕೊನ್ ಕೊನ್ಬೆರ್ಸಿಯೋನ್" ಅಥವಾ "ಸಿನ್ ಕೊನ್ಬೆರ್ಸಿಯೋನ್" ಎಂದು ಕೇಳುತ್ತದೆ. "ಕೊನ್ಬೆರ್ಸಿಯೋನ್" ಎಂದರೆ ರೂಪಾಯಿಗೆ ಪರಿವರ್ತನೆ, "ಸಿನ್" ಎಂದರೆ ಇಲ್ಲದೆ. ಅದನ್ನೇ ಒತ್ತಿ. ರೂಪಾಯಿ ಕಂಡು ಧೈರ್ಯ ಬಂದು ಇನ್ನೊಂದನ್ನು ಒತ್ತಿದರೆ ಯಂತ್ರದವರು ತಮಗೆ ಬೇಕಾದ ವಿನಿಮಯ ದರ ಹಾಕುತ್ತಾರೆ. ಇದಕ್ಕೂ ಮೊದಲು ಶುಲ್ಕ ತೋರಿಸುವ ಪರದೆ ಬರಬಹುದು. ಅದು ಹೆಚ್ಚೆನಿಸಿದರೆ ರದ್ದುಮಾಡಿ ಬೇರೆ ಬ್ಯಾಂಕಿನ ಯಂತ್ರ ನೋಡಿ.

ಕಾರ್ಡು ಸಿಕ್ಕಿಕೊಂಡರೆ: "ಎಲ್ ಕಾಹೇರೊ ಸೆ ಆ ತ್ರಾಗಾದೊ ಮಿ ತಾರ್ಹೇತಾ." ಯಂತ್ರ ಕಾರ್ಡನ್ನು ನುಂಗಿತು ಎಂದು ನಾವು ಹೇಳುವ ಹಾಗೆಯೇ.

ಹಂತ 9: ಬಿಲ್ಲು ಮತ್ತು ವರ್ಗಾವಣೆ

ಕರೆಂಟು, ಮೊಬೈಲು, ಜಿಮ್ಮು, ಎಲ್ಲವೂ ಖಾತೆಯಿಂದ ತಾನಾಗಿ ಕಡಿತವಾಗುತ್ತವೆ. ಇದಕ್ಕೆ "ದೊಮಿಸಿಲಿಯಾಸಿಯೋನ್". ವಿಳಾಸಕ್ಕೆ "ದೊಮಿಸೀಲಿಯೊ" ಎನ್ನುವುದರಿಂದ ಮನೆ ಬದಲಾವಣೆ ಎಂದು ಭ್ರಮಿಸುವವರಿದ್ದಾರೆ.

ತಪ್ಪು ಮೊತ್ತ ಕಡಿತವಾದರೆ "ಕೆರೀಆ ದೆಬೊಲ್ಬೇರ್ ಎಸ್ತೆ ರೆಸೀಬೊ" ಎನ್ನಿ, ಈ ಬಿಲ್ಲನ್ನು ಹಿಂದಿರುಗಿಸಬೇಕಿತ್ತು. ನೀವು ಅನುಮತಿ ಕೊಟ್ಟ ಕಡಿತವನ್ನೂ 8 ವಾರಗಳೊಳಗೆ ಹಿಂದಿರುಗಿಸಬಹುದು. ಅನುಮತಿಯೇ ಇಲ್ಲದ್ದಕ್ಕೆ 13 ತಿಂಗಳ ಅವಕಾಶ. ಆದರೆ ಬಿಲ್ಲು ನ್ಯಾಯವಾದದ್ದಾದರೆ ಹಣ ಹಿಂದೆ ಬಂದರೂ ಬಾಕಿ ಉಳಿದೇ ಇರುತ್ತದೆ, ಕಂಪನಿ ಬೆನ್ನು ಹತ್ತುತ್ತದೆ.

ವರ್ಗಾವಣೆ ನಮೂನೆಯಲ್ಲಿ "ಒರ್ದೆನಾಂತೆ" ಕಳಿಸುವವರು, "ಬೆನೆಫಿಸಿಯಾರಿಯೊ" ಪಡೆಯುವವರು, "ಇಂಪೋರ್ತೆ" ಮೊತ್ತ. "ಕೊನ್ಸೆಪ್ತೊ" ಎಂಬಲ್ಲಿ ಕಾರಣ ಬರೆಯಿರಿ. ಬಾಡಿಗೆಯಾದರೆ "ಅಲ್ಕಿಲೇರ್" ಮತ್ತು ತಿಂಗಳ ಹೆಸರು. ಖಾಲಿ ಬಿಟ್ಟರೆ ನಾಳೆ ಮನೆ ಮಾಲೀಕರು ಬಾಡಿಗೆ ಬಂದಿಲ್ಲ ಎಂದಾಗ ತೋರಿಸಲು ಏನೂ ಇರುವುದಿಲ್ಲ. ಗೆಳೆಯರ ನಡುವೆ ಮೊಬೈಲ್ ಸಂಖ್ಯೆಗೇ ಹಣ ಕಳಿಸುವ ಸೇವೆ "ಬಿಸುಮ್", ನಮ್ಮ ಯುಪಿಐ ಬಳಸಿದವರಿಗೆ ಹೊಸದೇನಲ್ಲ. ಅದಕ್ಕೆ ಸ್ಪೇನಿನ ಬ್ಯಾಂಕ್ ಖಾತೆ ಇರಲೇಬೇಕು.

ಹಂತ 10: ಕಾರ್ಡು ಹೋದರೆ, ಹಣ ಹೋದರೆ

"ಎ ಪೆರ್ದೀದೊ ಲಾ ತಾರ್ಹೇತಾ" — ಕಾರ್ಡು ಕಳೆದುಕೊಂಡೆ.
"ಮೆ ಆನ್ ರೊಬಾದೊ ಲಾ ತಾರ್ಹೇತಾ" — ಕಾರ್ಡು ಕದ್ದಿದ್ದಾರೆ.
"ಕಿಯೆರೊ ಬ್ಲೊಕೆಆರ್ಲಾ ಆಓರಾ" — ಈಗಲೇ ನಿಲ್ಲಿಸಬೇಕು.
"ನೊ ರೆಕೊನೋಸ್ಕೊ ಎಸ್ತೆ ಕಾರ್ಗೊ" — ಈ ಕಡಿತ ನನ್ನದಲ್ಲ.

ಕ್ರಮ ಮುಖ್ಯ. ಮೊದಲು ಕಾರ್ಡು ನಿಲ್ಲಿಸಿ, ಆಮೇಲೆ ಪೊಲೀಸರಲ್ಲಿ "ದೆನುನ್ಸಿಯಾ" (ದೂರು) ಕೊಡಿ, ಅದರ ಪ್ರತಿ ಹಿಡಿದು ಶಾಖೆಗೆ ಹೋಗಿ. ಪೊಲೀಸ್ ಠಾಣೆಯಲ್ಲಿ ಕಾಯುತ್ತ ಕುಳಿತಾಗ ಕಾರ್ಡು ಇನ್ನೂ ಚಾಲ್ತಿಯಲ್ಲಿದ್ದರೆ ಕಳ್ಳರಿಗೇ ಅನುಕೂಲ. ತಿಳಿಸುವ ಮೊದಲು ಹೋದ ಹಣದಲ್ಲಿ ನಿಮ್ಮ ಪಾಲಿಗೆ ಬೀಳುವುದು ಸಾಮಾನ್ಯವಾಗಿ 50 ಯೂರೊವರೆಗೆ ಮಾತ್ರ. ಆದರೆ ಪಿನ್ ಸಂಖ್ಯೆಯನ್ನು ಕಾರ್ಡಿನ ಜೊತೆಗೇ ಬರೆದಿಟ್ಟಂಥ ಘೋರ ಅಲಕ್ಷ್ಯಕ್ಕೆ ಈ ರಕ್ಷಣೆ ಇಲ್ಲ. ಫೋನಿನಲ್ಲಿ ಯಾರೇ "ದೀಗಾಮೆ ಎಲ್ ಕೋದಿಗೊ" (ಕೋಡ್ ಹೇಳಿ) ಎಂದರೆ ಮಾತು ಮುಂದುವರಿಸದೆ ಇಟ್ಟುಬಿಡಿ.

ಶಾಖೆ ಕೈಚೆಲ್ಲಿದರೆ ಬ್ಯಾಂಕಿನದೇ "ಸೆರ್ಬೀಸಿಯೊ ದೆ ಆತೆನ್ಸಿಯೋನ್ ಅಲ್ ಕ್ಲಿಯೆಂತೆ"ಗೆ (ಗ್ರಾಹಕ ಸೇವಾ ವಿಭಾಗ) ಬರಹದಲ್ಲಿ ದೂರು ಕೊಡಬೇಕು. ಅಲ್ಲಿ ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ಮಾತ್ರ "ಬಾಂಕೊ ದೆ ಎಸ್ಪಾಞಾ", ಅಂದರೆ ಆ ದೇಶದ ಕೇಂದ್ರ ಬ್ಯಾಂಕು. ಮೊದಲ ಮೆಟ್ಟಿಲು ಹಾರಿ ನೇರ ಅಲ್ಲಿಗೆ ಹೋದರೆ ಹಿಂದೆ ಕಳಿಸುತ್ತಾರೆ.

ಹಂತ 11: ದೇಶ ಬಿಡುವಾಗ ಖಾತೆ ಮುಚ್ಚುವುದು

ಹಣವನ್ನೆಲ್ಲ ತೆಗೆದು ಖಾಲಿ ಖಾತೆ ಬಿಟ್ಟು ಬಂದರೆ ಅದು ತಾನಾಗಿ ಮುಚ್ಚುವುದಿಲ್ಲ. ನಿರ್ವಹಣಾ ಶುಲ್ಕ ಬೀಳುತ್ತ ಖಾತೆ "ದೆಸ್ಕುಬಿಯೆರ್ತೊ" ಆಗುತ್ತದೆ, ಅಂದರೆ ಸೊನ್ನೆಗಿಂತ ಕೆಳಗೆ. ಅದಕ್ಕೆ ಮತ್ತೆ ಬಡ್ಡಿ, ಶುಲ್ಕ. "ನೂಮೆರೊಸ್ ರ್ರೋಹೊಸ್" (ಕೆಂಪು ಅಂಕಿಗಳು) ಎಂಬ ಮಾತು ಕೇಳಿಬಂದರೆ ನೀವು ಈಗಾಗಲೇ ಅಲ್ಲಿದ್ದೀರಿ.

ಮೊದಲು ತಾನಾಗಿ ಕಡಿತವಾಗುವ ಬಿಲ್ಲುಗಳನ್ನು ಆಯಾ ಕಂಪನಿಗಳಲ್ಲಿ ನಿಲ್ಲಿಸಿ. ಮನೆ ಬಾಡಿಗೆಯ ಮುಂಗಡ, ಅಲ್ಲಿ ಅದಕ್ಕೆ "ಫಿಯಾನ್ಸಾ" ಎನ್ನುತ್ತಾರೆ, ವಾಪಸು ಬರುವವರೆಗೆ ಕಾಯಿರಿ. ಅದು ಬರುವುದು ಈ ಖಾತೆಗೇ. ಆಮೇಲೆ ಶಾಖೆಗೆ ಹೋಗಿ "ಕೆರೀಆ ಕಾನ್ಸೆಲಾರ್ ಲಾ ಕ್ವೆಂತಾ ಇ ಲಾಸ್ ತಾರ್ಹೇತಾಸ್" (ಖಾತೆಯನ್ನೂ ಕಾರ್ಡುಗಳನ್ನೂ ರದ್ದುಮಾಡಬೇಕಿತ್ತು) ಎನ್ನಿ. ಕಾರ್ಡುಗಳ ಹೆಸರು ಬೇರೆಯಾಗಿ ಎತ್ತಲೇಬೇಕು, ಖಾತೆಯ ಜೊತೆ ಅವೂ ಹೋದವು ಎಂದುಕೊಳ್ಳಬೇಡಿ. ಉಳಿದ ಹಣವನ್ನು ನಗದಾಗಿ ಬೇಕೋ ವರ್ಗಾಯಿಸಬೇಕೋ ಎಂದು ಕೇಳುತ್ತಾರೆ: "ಎನ್ ಎಫೆಕ್ತೀಬೊ ಒ ಪೋರ್ ತ್ರಾನ್ಸ್‌ಫೆರೆನ್ಸಿಯಾ?" ಕೊನೆಗೆ "ಹುಸ್ತಿಫಿಕಾಂತೆ ದೆ ಕಾನ್ಸೆಲಾಸಿಯೋನ್" (ಖಾತೆ ಮುಚ್ಚಿದ್ದಕ್ಕೆ ಸಾಕ್ಷಿಪತ್ರ) ಪಡೆದು, ಅದರ ಮೇಲೆ ತಾರೀಖು ಮತ್ತು ಖಾತೆ ಸಂಖ್ಯೆ ಇದೆಯೇ ಎಂದು ಅಲ್ಲೇ ನೋಡಿಕೊಂಡು, ವಿಮಾನ ಹತ್ತುವ ಮೊದಲು ಒಂದು ಫೋಟೊ ತೆಗೆದಿಡಿ.